ಮ್ಯಾಗ್ನೆಟಿಕ್ ನೇಲ್ ಪಾಲಿಶ್: ಗೆರೆ ಮೂಡದಿದ್ದರೆ, ಮೂಡಿದ ಗೆರೆ ನಿಲ್ಲದಿದ್ದರೆ

ಬಣ್ಣ ಹಚ್ಚಿ, ಮ್ಯಾಗ್ನೆಟ್ ಹಿಡಿದು, ಹೇಳಿದಷ್ಟು ಸೆಕೆಂಡು ಎಣಿಸಿ ತೆಗೆದ ಮೇಲೂ ಉಗುರಿನ ಮೇಲೆ ಬೆಕ್ಕಿನ ಕಣ್ಣಿನಂಥ ಬೆಳಕಿನ ಗೆರೆಯ ಬದಲು ಮಂಕಾದ ಒಂದೇ ಬಣ್ಣ ಉಳಿದಿದ್ದರೆ, ಹೆಚ್ಚಿನವರು ಕೂಡಲೇ ಅದರ ಮೇಲೆಯೇ ಇನ್ನೊಂದು ಪದರ ಹಚ್ಚಿ ಮತ್ತೆ ಪ್ರಯತ್ನಿಸುತ್ತಾರೆ. ಹಾಗೆ ಮಾಡಿದರೆ ಬಣ್ಣ ದಪ್ಪವಾಗುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ. ದೋಷ ಬಾಟಲಿಯಲ್ಲಿರಬಹುದು, ಮ್ಯಾಗ್ನೆಟ್‌ನಲ್ಲಿರಬಹುದು, ಹಿಡಿದ ಕೈಯಲ್ಲಿರಬಹುದು, ಲ್ಯಾಂಪ್‌ನ ಬೆಳಕಿನಿಂದ ಗಟ್ಟಿಯಾಗುವ ಜೆಲ್ ಬಗೆಯದಾದರೆ ಆ ಲ್ಯಾಂಪ್‌ನಲ್ಲಿಯೂ ಇರಬಹುದು. ಇವುಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಹಲವು ಸಲ ಕೆಡಿಸಿ, ಅಳಿಸಿ, ಮತ್ತೆ ಹಚ್ಚಿದ ನಂತರ ನನಗೆ ಖಚಿತವಾಗಿರುವುದೇನೆಂದರೆ, ಬಹುಪಾಲು ದೋಷಗಳು ಬ್ರಷ್ ಉಗುರನ್ನು ಬಿಟ್ಟ ಗಳಿಗೆಯಿಂದ ಬಣ್ಣ ಗಟ್ಟಿಯಾಗುವ ಗಳಿಗೆಯವರೆಗಿನ ಚಿಕ್ಕ ಅವಧಿಯಲ್ಲೇ ಹುಟ್ಟುತ್ತವೆ. ಆದ್ದರಿಂದ ಪ್ರತಿಯೊಂದು ದೋಷವನ್ನೂ ಆ ಅವಧಿಯ ಲೆಕ್ಕದಲ್ಲಿ ನೋಡುವುದು ಒಳ್ಳೆಯದು.

ಗೆರೆ ಹೇಗೆ ಮೂಡುತ್ತದೆ

ಈ ಬಣ್ಣದಲ್ಲಿ ಕಬ್ಬಿಣದ ಅಥವಾ ಕಬ್ಬಿಣದ ಆಕ್ಸೈಡ್‌ನ ಅಂಶವಿರುವ, ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಕಣಗಳು ಬೆರೆತಿರುತ್ತವೆ. ಹೊಳಪಿನ ಬಣ್ಣಗಳಲ್ಲಿ ಇವು ಸಾಮಾನ್ಯವಾಗಿ ಚಪ್ಪಟೆಯಾದ ತೆಳು ಚೂರುಗಳು. ಮ್ಯಾಗ್ನೆಟ್ ಹತ್ತಿರ ಬಂದಾಗ ಪ್ರತಿಯೊಂದು ಚೂರೂ ಅಯಸ್ಕಾಂತ ಕ್ಷೇತ್ರದ ದಿಕ್ಕಿಗೆ ತಿರುಗುತ್ತದೆ, ಮತ್ತು ಕ್ಷೇತ್ರ ಪ್ರಬಲವಾಗಿರುವ ಕಡೆಗೆ ಸ್ವಲ್ಪ ಸರಿಯುತ್ತದೆ. ಚೂರುಗಳು ಉಗುರಿನ ಮೇಲ್ಮೈಗೆ ಸಮನಾಗಿ ಮಲಗಿದ ಕಡೆ ಬೆಳಕು ಪ್ರತಿಫಲಿಸಿ ಹೊಳೆಯುವ ಗೆರೆ ಕಾಣುತ್ತದೆ. ಅಂಚಿನ ಮೇಲೆ ನೆಟ್ಟಗೆ ನಿಂತ ಕಡೆ ಬೆಳಕು ಅವುಗಳ ನಡುವೆ ಇಳಿದುಹೋಗಿ ಕೆಳಗಿನ ಗಾಢ ಬಣ್ಣ ಕಾಣುತ್ತದೆ. ಶಾಲೆಯಲ್ಲಿ ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಅಡಿಯಲ್ಲಿ ಅಯಸ್ಕಾಂತ ಇಟ್ಟು ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಪುಡಿ ಕಾಗದದ ಮೇಲೆ ಜಾರುತ್ತದೆ, ಇಲ್ಲಿ ಕಣಗಳು ಮಂದವಾದ ದ್ರವದೊಳಗೆ ತಿರುಗಬೇಕು, ಅಷ್ಟೇ ವ್ಯತ್ಯಾಸ.

ಆ ವ್ಯತ್ಯಾಸದಲ್ಲೇ ಎಲ್ಲ ತೊಂದರೆಗಳ ಬೇರು ಇದೆ. ದ್ರವ ತೀರಾ ಮಂದವಾದರೆ ಕಣಗಳು ತಿರುಗುವುದಿಲ್ಲ. ತೀರಾ ತೆಳುವಾದರೆ ತಿರುಗಿದ ಕಣಗಳು ಮ್ಯಾಗ್ನೆಟ್ ತೆಗೆದೊಡನೆ ಮತ್ತೆ ಚದುರುತ್ತವೆ. ಸಾಧಾರಣ ನೇಲ್ ಪಾಲಿಶ್‌ನಲ್ಲಿ ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್‌ನಂಥ ದ್ರಾವಕಗಳು ಹಾರಿಹೋಗುತ್ತಿದ್ದಂತೆ ಬಣ್ಣ ಗಳಿಗೆಗಳಿಗೆಗೂ ಗಟ್ಟಿಯಾಗುತ್ತದೆ, ಆದ್ದರಿಂದ ಅಲ್ಲಿ ಸಮಯ ಕಡಿಮೆ. ಜೆಲ್ ಪಾಲಿಶ್ ಲ್ಯಾಂಪ್‌ನ ಬೆಳಕು ಬೀಳುವವರೆಗೆ ಹಸಿಯಾಗಿಯೇ ಇರುತ್ತದೆ, ಆದ್ದರಿಂದ ಅಲ್ಲಿ ಸಮಯ ಧಾರಾಳವಾಗಿ ಸಿಗುತ್ತದೆ, ಆದರೆ ಅದೇ ಕಾರಣಕ್ಕೆ ಮೂಡಿದ ಗೆರೆ ಮೆಲ್ಲಗೆ ಹರಡುತ್ತಲೂ ಇರುತ್ತದೆ. ಹೀಗಾಗಿ ಒಂದೇ ಲಕ್ಷಣಕ್ಕೆ ಈ ಎರಡು ಬಗೆಗಳಲ್ಲಿ ಬೇರೆ ಬೇರೆ ಕಾರಣ ಇರಬಹುದು. ದೋಷ ಹುಡುಕಲು ತೊಡಗುವ ಮೊದಲು ನಿಮ್ಮ ಬಾಟಲಿ ಯಾವ ಬಗೆಯದೆಂದು ಓದಿ ನೋಡಿ. ಸಾಧಾರಣ ಬಣ್ಣವನ್ನು ಲ್ಯಾಂಪ್‌ನಲ್ಲಿಟ್ಟು ಕಾಯುವುದು, ಜೆಲ್ಲನ್ನು ಗಾಳಿಗೆ ಬಿಟ್ಟು ಕಾಯುವುದು ಎರಡೂ ವ್ಯರ್ಥ.

ಮೊದಲ ಪರೀಕ್ಷೆ ಉಗುರಿನ ಮೇಲೆ ಬೇಡ

ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಅಥವಾ ಕೃತಕ ಉಗುರೊಂದನ್ನು ತೆಗೆದುಕೊಳ್ಳಿ. ಅದರ ಒಂದು ಬದಿಗೆ ಕಪ್ಪು ಬಣ್ಣ ಹಚ್ಚಿ ಪೂರ್ತಿ ಒಣಗಲು ಬಿಡಿ. ಇನ್ನೊಂದು ಬದಿಗೆ ಮ್ಯಾಗ್ನೆಟಿಕ್ ಬಣ್ಣವನ್ನು ಧಾರಾಳವಾಗಿ ಹಚ್ಚಿ, ತಡಮಾಡದೆ ಮ್ಯಾಗ್ನೆಟನ್ನು ಹಾಳೆಯ ಕೆಳಗಿನಿಂದ, ಅಂದರೆ ಒಣಗಿದ ಬದಿಯಿಂದ, ಹಾಳೆಗೆ ತಾಗಿಸಿಯೇ ಹಿಡಿಯಿರಿ. ಹಸಿ ಬಣ್ಣಕ್ಕೆ ತಗಲುವ ಭಯ ಇಲ್ಲದ್ದರಿಂದ ಮ್ಯಾಗ್ನೆಟ್ ಅತ್ಯಂತ ಹತ್ತಿರವಿರುತ್ತದೆ, ಕೈ ನಡುಗುವ ಪ್ರಶ್ನೆಯೂ ಬರುವುದಿಲ್ಲ. ಇಲ್ಲಿ ಗೆರೆ ಕೂಡಲೇ, ಎದ್ದು ಕಾಣುವಂತೆ ಮೂಡಿದರೆ ಬಾಟಲಿ ಮತ್ತು ಮ್ಯಾಗ್ನೆಟ್ ಎರಡೂ ಸರಿಯಾಗಿವೆ ಎಂದರ್ಥ, ತಪ್ಪು ಹಚ್ಚುವ ಅಥವಾ ಹಿಡಿಯುವ ರೀತಿಯಲ್ಲಿದೆ. ಇಲ್ಲಿಯೂ ಏನೂ ಮೂಡದಿದ್ದರೆ ಉಗುರಿನ ಮೇಲೆ ಎಷ್ಟು ಶ್ರಮಪಟ್ಟರೂ ಫಲವಿಲ್ಲ. ಬಾಟಲಿಯನ್ನೂ ಮ್ಯಾಗ್ನೆಟನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಎರಡು ನಿಮಿಷದ ಈ ಕೆಲಸವನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇದರಿಂದ ಸಾಧ್ಯತೆಗಳ ಅರ್ಧಭಾಗ ಒಂದೇ ಸಲಕ್ಕೆ ಬಿದ್ದುಹೋಗುತ್ತದೆ.

ಎಲ್ಲೂ ಗೆರೆಯೇ ಮೂಡುತ್ತಿಲ್ಲ

ಪ್ಲಾಸ್ಟಿಕ್ ಹಾಳೆಯ ಮೇಲೂ ಗೆರೆ ಬರದಿದ್ದರೆ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಲೋಹದ ಕಣಗಳು ದ್ರವಕ್ಕಿಂತ ಭಾರವಾದ್ದರಿಂದ, ಬಹಳ ದಿನ ಮುಟ್ಟದೆ ಇಟ್ಟ ಬಾಟಲಿಯ ತಳದಲ್ಲಿ ಗಾಢವಾದ ಪದರವೊಂದು ಕೂತಿರುತ್ತದೆ, ಮೇಲಿನ ದ್ರವ ತಿಳಿಯಾಗಿರುತ್ತದೆ. ಬ್ರಷ್ ಅದ್ದಿದಾಗ ಬರುವುದು ಆ ತಿಳಿ ಭಾಗ, ಅದರಲ್ಲಿ ತಿರುಗಬೇಕಾದ ಕಣಗಳೇ ಇರುವುದಿಲ್ಲ. ಬಾಟಲಿಯನ್ನು ಜೋರಾಗಿ ಕುಲುಕಿದರೆ ಗುಳ್ಳೆಗಳು ತುಂಬಿ, ಅವು ಉಗುರಿನ ಮೇಲೂ ಉಳಿಯುತ್ತವೆ. ಎರಡು ಅಂಗೈಗಳ ನಡುವೆ ಬಾಟಲಿಯನ್ನು ಅಡ್ಡವಾಗಿಯೂ ತಲೆಕೆಳಗಾಗಿಯೂ ಹಿಡಿದು ಒಂದೆರಡು ನಿಮಿಷ ಉರುಳಿಸಿ, ತಳ ಸ್ವಚ್ಛವಾಗಿ ಕಾಣುವವರೆಗೆ ಮುಂದುವರಿಸಿ. ಜೆಲ್ ಬಾಟಲಿ ಸಾಮಾನ್ಯವಾಗಿ ಅಪಾರದರ್ಶಕವಾಗಿರುವುದರಿಂದ ತಳ ಕಾಣುವುದಿಲ್ಲ. ಅಲ್ಲಿ ಬ್ರಷ್‌ನಿಂದ ತಳವನ್ನು ಮೆಲ್ಲಗೆ ಕೆದಕಿ, ಬ್ರಷ್‌ಗೆ ಗಟ್ಟಿಯಾದ ಮುದ್ದೆ ತಗಲುತ್ತಿದೆಯೇ ಎಂದು ನೋಡಬೇಕು.

ಬಾಟಲಿಯನ್ನೂ ಮ್ಯಾಗ್ನೆಟನ್ನೂ ಒಂದೇ ಡಬ್ಬಿಯಲ್ಲಿ ಅಂಟಿಕೊಂಡಂತೆ ಇಡುವ ಅಭ್ಯಾಸ ಈ ದೋಷದ ಇನ್ನೊಂದು ಕಾರಣ. ಮ್ಯಾಗ್ನೆಟ್ ದಿನಗಟ್ಟಲೆ ಗಾಜಿಗೆ ತಾಗಿ ಕೂತಿದ್ದರೆ ಕಣಗಳು ಆ ಬದಿಗೆ ಸೆಳೆದು ಗುಂಪುಗೂಡುತ್ತವೆ. ಅದನ್ನು ಮತ್ತೆ ಸಮನಾಗಿ ಬೆರೆಸಲು ಬಹಳ ಹೊತ್ತು ಹಿಡಿಯುತ್ತದೆ. ಎರಡನ್ನೂ ಕನಿಷ್ಠ ಒಂದು ಗೇಣು ದೂರ ಇಡಿ.

ಬಾಟಲಿ ಸರಿಯಿದ್ದರೆ ಮ್ಯಾಗ್ನೆಟ್‌ನ ಸರದಿ. ಬಾಟಲಿಯ ಮುಚ್ಚಳದಲ್ಲೇ ಕೂರಿಸಿ ಕೊಡುವ ಮ್ಯಾಗ್ನೆಟ್‌ಗಳು ಸಾಮಾನ್ಯವಾಗಿ ದುರ್ಬಲ. ನಿಯೊಡಿಮಿಯಮ್ ಮ್ಯಾಗ್ನೆಟ್ ಇರುವ ಕಡ್ಡಿಗಳು ಅಥವಾ ಪೆನ್ನುಗಳು ಅವುಗಳಿಗಿಂತ ಬಹಳ ಪ್ರಬಲ. ಮೇಜಿನ ಮೇಲೆ ಗುಂಡುಸೂಜಿಯೊಂದನ್ನು ಇಟ್ಟು ಮ್ಯಾಗ್ನೆಟನ್ನು ಮೇಲಿನಿಂದ ಮೆಲ್ಲಗೆ ಇಳಿಸಿ. ಸೂಜಿ ಇನ್ನೂ ಹಲವು ಮಿಲಿಮೀಟರ್ ಅಂತರವಿರುವಾಗಲೇ ಹಾರಿ ಅಂಟಿದರೆ ಶಕ್ತಿ ಸಾಕಷ್ಟಿದೆ. ಹೆಚ್ಚುಕಡಿಮೆ ತಾಗಿದ ಮೇಲಷ್ಟೇ ಅಂಟಿದರೆ ಆ ಮ್ಯಾಗ್ನೆಟ್‌ನಿಂದ ಸ್ಪಷ್ಟ ಗೆರೆ ನಿರೀಕ್ಷಿಸಬೇಡಿ. ಸಾಧಾರಣ ದರ್ಜೆಯ ನಿಯೊಡಿಮಿಯಮ್ ಮ್ಯಾಗ್ನೆಟ್ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ತನ್ನ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಳ್ಳತೊಡಗುತ್ತದೆ. ಆದ್ದರಿಂದ ಸ್ವಚ್ಛಗೊಳಿಸುವ ನೆಪದಲ್ಲಿ ಅದನ್ನು ಕುದಿಯುವ ನೀರಿಗೆ ಹಾಕಬಾರದು, ಅಸಿಟೋನ್ ಹಚ್ಚಿದ ಹತ್ತಿಯಿಂದ ಒರೆಸಿದರೆ ಸಾಕು. ಇದು ಗಡುಸಾದರೂ ಬಲು ಬೇಗ ಮುಕ್ಕಾಗುವ ವಸ್ತು ಎಂಬುದೂ ನೆನಪಿರಲಿ, ಎರಡು ಮ್ಯಾಗ್ನೆಟ್‌ಗಳು ಒಂದಕ್ಕೊಂದು ಹಾರಿ ಬಡಿದರೆ ಚೂರು ಸಿಡಿಯುತ್ತದೆ.

ಗೆರೆ ಇದೆ, ಆದರೆ ಮಸುಕಾಗಿ ಹರಡಿಕೊಂಡಿದೆ

ಹಾಳೆಯ ಮೇಲೆ ಚೆನ್ನಾಗಿ ಬಂದು ಉಗುರಿನ ಮೇಲೆ ಮಸುಕಾಗುವುದು ಅತಿ ಹೆಚ್ಚಾಗಿ ಕಂಡುಬರುವ ದೂರು, ಅದಕ್ಕೆ ಮೊದಲ ಕಾರಣ ಅಂತರ. ಮ್ಯಾಗ್ನೆಟ್‌ನ ಸೆಳೆತ ದೂರ ಹೆಚ್ಚಿದಂತೆ ಒಂದೇ ಸಮನೆ ಕಡಿಮೆಯಾಗುವುದಿಲ್ಲ, ತೀವ್ರವಾಗಿ ಕುಸಿಯುತ್ತದೆ. ಅಂತರ ಎರಡು ಪಟ್ಟಾದರೆ ಕ್ಷೇತ್ರ ಅರ್ಧಕ್ಕಿಂತ ಬಹಳ ಕೆಳಗೆ ಇಳಿಯಬಹುದು. ಕಣ್ಣಿಗೆ ಇಷ್ಟೇ ಇಷ್ಟು ಎನಿಸುವ ಮೂರು ಮಿಲಿಮೀಟರಿನ ವ್ಯತ್ಯಾಸ ಕಣಗಳಿಗೆ ಬಹಳ ದೊಡ್ಡದು. ಸುಮಾರು 2ರಿಂದ 3 ಮಿಲಿಮೀಟರ್, ಅಂದರೆ ಒಂದು ಬೆಂಕಿಕಡ್ಡಿಯ ದಪ್ಪಕ್ಕಿಂತ ತುಸು ಹೆಚ್ಚು, ಹೆಚ್ಚಿನ ಮ್ಯಾಗ್ನೆಟ್‌ಗಳಿಗೆ ಸರಿಹೋಗುತ್ತದೆ. ಈ ಅಂತರವನ್ನು ಗಾಳಿಯಲ್ಲಿ ತೇಲುವ ಕೈಯಿಂದ ಕಾಯ್ದುಕೊಳ್ಳಲು ಯಾರಿಗೂ ಆಗುವುದಿಲ್ಲ. ಬಣ್ಣ ಹಚ್ಚಿದ ಬೆರಳನ್ನು ಮೇಜಿನ ಮೇಲೆ ಒತ್ತಿ ಇಡಿ. ಮ್ಯಾಗ್ನೆಟ್ ಹಿಡಿದ ಕೈಯ ಮಣಿಕಟ್ಟನ್ನೂ ಮೇಜಿಗೆ ಊರಿ, ಕಿರುಬೆರಳನ್ನು ಎದುರು ಕೈಗೆ ಆನಿಸಿಕೊಳ್ಳಿ. ಬಲಗೈ ಅಭ್ಯಾಸದವರಿಗೆ ಎಡಗೈ ಉಗುರುಗಳು ಚೆಂದವಾಗಿ ಬಂದು ಬಲಗೈಯವು ಮಂಕಾಗುವುದಕ್ಕೆ ಬಹಳ ಸಲ ಇದೊಂದೇ ಕಾರಣ. ಅಂಥವರು ಬಲಗೈ ಉಗುರುಗಳಿಗೆ ಮ್ಯಾಗ್ನೆಟನ್ನೇ ಪುಸ್ತಕದ ಅಂಚಿನಲ್ಲಿ ಟೇಪಿನಿಂದ ಅಂಟಿಸಿ, ಬೆರಳನ್ನು ಅದರ ಕೆಳಗೆ ತರುವುದು ಮೇಲು.

ಎರಡನೆಯ ಕಾರಣ ಪದರದ ದಪ್ಪ. ತೆಳುವಾಗಿ ಎಳೆದ ಪದರದಲ್ಲಿ ಕಣಗಳಿಗೆ ತಿರುಗಿ ನಿಲ್ಲಲು ಆಳವಿರುವುದಿಲ್ಲ, ಮತ್ತು ಸಾಧಾರಣ ಪಾಲಿಶ್ ಆದರೆ ಆ ತೆಳು ಪದರ ಮ್ಯಾಗ್ನೆಟ್ ಬರುವ ಮೊದಲೇ ಬಿಗಿಯಾಗಿಬಿಡುತ್ತದೆ. ಮೊದಲ ಪದರವನ್ನು ತೆಳುವಾಗಿ ಹಚ್ಚಿ ಮ್ಯಾಗ್ನೆಟ್ ಇಲ್ಲದೆಯೇ ಒಣಗಿಸಿ, ಎರಡನೆಯ ಪದರವನ್ನು ಎಂದಿಗಿಂತ ತುಂಬಿಕೊಂಡು ಹಚ್ಚಿ ಅದರ ಮೇಲೆ ಮಾತ್ರ ಮ್ಯಾಗ್ನೆಟ್ ಬಳಸಿದರೆ ಫಲಿತಾಂಶ ಸ್ಪಷ್ಟವಾಗುತ್ತದೆ. ಹೀಗೆ ತುಂಬಿ ಹಚ್ಚುವಾಗ ಬಣ್ಣ ಪಕ್ಕದ ಚರ್ಮಕ್ಕೆ ಹರಿಯದಂತೆ ಅಂಚಿನಲ್ಲಿ ಕೂದಲೆಳೆಯಷ್ಟು ಜಾಗ ಬಿಡಬೇಕು.

ಮೂರನೆಯದು ಸಮಯ. ಸಾಧಾರಣ ಪಾಲಿಶ್‌ನಲ್ಲಿ ಐದೂ ಬೆರಳಿಗೆ ಹಚ್ಚಿ ಆಮೇಲೆ ಮೊದಲ ಬೆರಳಿಗೆ ಮ್ಯಾಗ್ನೆಟ್ ತಂದರೆ ತಡವಾಗಿಬಿಡುತ್ತದೆ. ಒಂದು ಉಗುರಿಗೆ ಹಚ್ಚಿ, ಬ್ರಷ್ಷನ್ನು ಬಾಟಲಿಗೆ ಇಳಿಸಿ, ಮುಚ್ಚಳ ತಿರುಗಿಸುವ ಗೊಡವೆಗೆ ಹೋಗದೆ ಕೂಡಲೇ ಮ್ಯಾಗ್ನೆಟ್ ಹಿಡಿಯಿರಿ. ಬ್ರಷ್ ಕೆಳಗಿಡುವುದರೊಳಗೆ ಮ್ಯಾಗ್ನೆಟ್ ಕೈಗೆ ಸಿಗುವ ಹಾಗೆ ಮೊದಲೇ ಹೊಂದಿಸಿಕೊಂಡಿರಬೇಕು. ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ನಿಲ್ಲಿಸಿ, ಅದು ದ್ರಾವಕವನ್ನು ಬೇಗ ಹಾರಿಸಿ ನಿಮ್ಮ ಸಮಯವನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಹೊಗೆಯಂತೆ ಹರಡುವ ವಾಸನೆ ಹೊರಹೋಗಲು ಕಿಟಕಿ ಮಾತ್ರ ತೆರೆದಿರಲಿ.

ಹಳೆಯ ಬಾಟಲಿಯಾದರೆ ಬಣ್ಣದ ಹದವನ್ನೂ ನೋಡಬೇಕು. ಬ್ರಷ್ ಎತ್ತಿದಾಗ ಹನಿ ತಾನಾಗಿ ಜಾರಿ ಬೀಳಬೇಕು. ಎಳೆ ಎಳೆಯಾಗಿ ಜೋಲಾಡಿದರೆ ಅದು ಕಣಗಳಿಗೆ ತೀರಾ ಮಂದ. ನೇಲ್ ಪಾಲಿಶ್ ಥಿನ್ನರನ್ನು ಎರಡು ಮೂರು ಹನಿ ಹಾಕಿ, ಉರುಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಥಿನ್ನರ್ ಬದಲು ಅಸಿಟೋನ್ ಅಥವಾ ರಿಮೂವರ್ ಹಾಕಬಾರದು. ಆ ಕ್ಷಣಕ್ಕೆ ತೆಳುವಾದಂತೆ ಕಂಡರೂ ಅದು ಬಣ್ಣದ ಹದವನ್ನು ಕೆಡಿಸುತ್ತದೆ, ಆ ಬಣ್ಣ ಮುಂದೆ ಸಮನಾಗಿ ಒಣಗುವುದಿಲ್ಲ. ಜೆಲ್‌ಗೆ ಈ ಥಿನ್ನರ್ ಕೂಡ ಸಲ್ಲದು.

ಕೊನೆಯದಾಗಿ, ಗೆರೆ ವಾಸ್ತವವಾಗಿ ಸರಿಯಾಗಿಯೇ ಇದ್ದು ಹಿನ್ನೆಲೆ ತಿಳಿಯಾಗಿರುವುದರಿಂದ ಕಾಣದಿರಬಹುದು. ಅರೆಪಾರದರ್ಶಕವಾದ ಮ್ಯಾಗ್ನೆಟಿಕ್ ಬಣ್ಣಗಳಿಗೆ ಅಡಿಯಲ್ಲಿ ಕಪ್ಪು ಅಥವಾ ಗಾಢ ಬಣ್ಣದ ಪದರ ಬೇಕೇ ಬೇಕು. ಪ್ಲಾಸ್ಟಿಕ್ ಹಾಳೆಗೆ ಕಪ್ಪು ಹಚ್ಚಲು ಹೇಳಿದ್ದೂ ಇದೇ ಕಾರಣಕ್ಕೆ.

ಗೆರೆ ಚೆನ್ನಾಗಿ ಬಂತು, ನೋಡನೋಡುತ್ತಲೇ ಕರಗಿತು

ಇದು ಮನಸ್ಸಿಗೆ ಬೇಸರ ತರಿಸುವ ದೋಷ, ಏಕೆಂದರೆ ಎಲ್ಲವೂ ಸರಿಯಾಗಿ ನಡೆದಿದೆ ಎಂದುಕೊಂಡ ಮೇಲೆ ಕೆಡುತ್ತದೆ. ಸಾಧಾರಣ ಪಾಲಿಶ್‌ನಲ್ಲಿ ಮ್ಯಾಗ್ನೆಟ್ ತೆಗೆಯುವಾಗ ಬಣ್ಣ ಇನ್ನೂ ಸಡಿಲವಾಗಿದ್ದರೆ ಕಣಗಳು ತಮ್ಮ ಜಾಗ ಬಿಡುತ್ತವೆ. 10ರಿಂದ 15 ಸೆಕೆಂಡು ಸಾಕೆಂದು ಬಾಟಲಿಯ ಮೇಲೆ ಬರೆದಿದ್ದರೂ, ತುಂಬಿ ಹಚ್ಚಿದ ಪದರಕ್ಕೆ ಅರ್ಧ ನಿಮಿಷ ಹಿಡಿದರೆ ನಷ್ಟವೇನಿಲ್ಲ. ಒಂದು ನಿಮಿಷ ಬಿಟ್ಟು ಅದೇ ಜಾಗದಲ್ಲಿ, ಅದೇ ಕೋನದಲ್ಲಿ ಮತ್ತೊಮ್ಮೆ ಹಿಡಿದರೆ ಇನ್ನೂ ಒಳ್ಳೆಯದು. ಕೋನ ಬದಲಾದರೆ ಮೊದಲ ಗೆರೆಯೂ ಉಳಿಯುವುದಿಲ್ಲ, ಎರಡನೆಯದೂ ಪೂರ್ತಿ ಬರುವುದಿಲ್ಲ.

ಟಾಪ್ ಕೋಟ್, ಅಂದರೆ ಬಣ್ಣದ ಮೇಲೆ ಕೊನೆಗೆ ಹಚ್ಚುವ ಪಾರದರ್ಶಕ ಪದರ, ಹಚ್ಚಿದ ಕೂಡಲೇ ಗೆರೆ ಮಂಕಾದರೆ, ಟಾಪ್ ಕೋಟ್‌ನಲ್ಲಿರುವ ದ್ರಾವಕ ಕೆಳಗಿನ ಪದರವನ್ನು ಮತ್ತೆ ಮೆದುಗೊಳಿಸಿದೆ ಎಂದು ತಿಳಿಯಬೇಕು. ಇದಕ್ಕೆ ಪರಿಹಾರ ಇಲ್ಲೇ ಇದೆ: ಮೆದುವಾದ ಬಣ್ಣದಲ್ಲಿ ಕಣಗಳು ಮತ್ತೆ ತಿರುಗಬಲ್ಲವು, ಆದ್ದರಿಂದ ಟಾಪ್ ಕೋಟ್ ಹಸಿಯಾಗಿರುವಾಗಲೇ ಮ್ಯಾಗ್ನೆಟನ್ನು ಮತ್ತೊಮ್ಮೆ ಹಿಡಿದರೆ ಗೆರೆ ಮರಳಿ ಬರುತ್ತದೆ, ಕೆಲವೊಮ್ಮೆ ಮೊದಲಿಗಿಂತ ಚುರುಕಾಗಿಯೂ ಬರುತ್ತದೆ. ಬ್ರಷ್ಷನ್ನು ಒತ್ತಿ ಎಳೆದು ಗೆರೆಯನ್ನೇ ಅಳಿಸಿದ್ದರೆ ಮಾತ್ರ ಇದು ಕೆಲಸ ಮಾಡುವುದಿಲ್ಲ. ಟಾಪ್ ಕೋಟ್‌ನ ದೊಡ್ಡ ಹನಿಯೊಂದನ್ನು ಉಗುರಿನ ಮೇಲಿಟ್ಟು, ಬ್ರಷ್‌ನ ಕೂದಲು ಬಣ್ಣವನ್ನು ಮುಟ್ಟದೆ ಆ ಹನಿಯ ಮೇಲೆಯೇ ತೇಲುವಂತೆ ಒಯ್ಯುವುದನ್ನು ರೂಢಿಸಿಕೊಳ್ಳಿ.

ಜೆಲ್‌ನಲ್ಲಿ ಗೆರೆ ಕರಗುವುದಕ್ಕೆ ಮುಖ್ಯ ಕಾರಣ ಕಾಯುವುದು. ಮೊದಲ ಬೆರಳಿನ ಗೆರೆ ಮೂಡಿಸಿ, ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗಿ, ಐದೂ ಮುಗಿದ ಮೇಲೆ ಲ್ಯಾಂಪ್‌ಗೆ ಇಡೋಣವೆಂದರೆ ಮೊದಲನೆಯದು ಅಷ್ಟರಲ್ಲಿ ಹರಡಿರುತ್ತದೆ. ಅದಲ್ಲದೆ ತೋರುಬೆರಳಿಗೆ ಹಿಡಿದ ಮ್ಯಾಗ್ನೆಟ್ ಪಕ್ಕದ ನಡುಬೆರಳಿನ ಹಸಿ ಬಣ್ಣವನ್ನೂ ಎಳೆಯುತ್ತದೆ. ಒಂದು ಬೆರಳಿಗೆ ಹಚ್ಚಿ, ಗೆರೆ ಮೂಡಿಸಿ, ಮ್ಯಾಗ್ನೆಟ್ ತೆಗೆದ ಕೂಡಲೇ ಆ ಬೆರಳನ್ನು ಲ್ಯಾಂಪ್‌ನೊಳಗೆ 5ರಿಂದ 10 ಸೆಕೆಂಡು ಇಟ್ಟು ಗೆರೆಯನ್ನು ಹಿಡಿದು ನಿಲ್ಲಿಸಿ. ಐದೂ ಬೆರಳು ಮುಗಿದ ನಂತರ ಎಲ್ಲವನ್ನೂ ಸೇರಿಸಿ ಬಾಟಲಿಯಲ್ಲಿ ಹೇಳಿದ ಪೂರ್ತಿ ಅವಧಿಗೆ ಇಡಿ. ಲ್ಯಾಂಪ್ ಕೈಗೆಟುಕುವಷ್ಟು ಹತ್ತಿರವಿದ್ದು, ಮೊದಲೇ ಪ್ಲಗ್ ಹಾಕಿ ಸಿದ್ಧವಾಗಿರಬೇಕು.

ಗೆರೆ ಲ್ಯಾಂಪ್‌ನೊಳಗೆ ಹೋದ ಮೇಲೆ ಸರಿಯುತ್ತಿದೆ

ಈ ದೋಷವನ್ನು ನಾನು ಬಹಳ ದಿನ ಅರ್ಥ ಮಾಡಿಕೊಳ್ಳಲಾಗದೆ ಒದ್ದಾಡಿದ್ದೇನೆ. ಲ್ಯಾಂಪ್‌ಗೆ ಇಡುವವರೆಗೆ ಉಂಗುರ ಬೆರಳಿನ ಮೇಲೆ ಬಾಗದೆ ಓರೆಯಾಗಿ ಹಾದಿದ್ದ ಗೆರೆ, ಹೊರಗೆ ಬರುವಾಗ ಉಗುರಿನ ತುದಿಯ ಕಡೆಗೆ ಬಾಗಿ, ಅಗಲವಾಗಿ, ಹೊಗೆಯ ಹಾಗೆ ಆಗಿರುತ್ತಿತ್ತು. ಕೈ ನಡುಗಿದ್ದಿರಬಹುದು, ಜೆಲ್ ತೆಳುವಾಗಿರಬಹುದು ಎಂದು ಎಣಿಸಿ ಎರಡನ್ನೂ ಬದಲಾಯಿಸಿ ನೋಡಿದೆ. ಪ್ರತಿ ಸಲವೂ ಅದೇ ಬೆರಳು, ಅದೇ ದಿಕ್ಕಿಗೆ ಬಾಗುತ್ತಿದೆ ಎಂಬುದು ಗಮನಕ್ಕೆ ಬಂದಾಗ ಸಂಶಯ ಲ್ಯಾಂಪ್‌ನ ಮೇಲೆ ಹೋಯಿತು, ಏಕೆಂದರೆ ಕೈಯ ತಪ್ಪು ದಿನಕ್ಕೊಂದು ರೀತಿ ಕಾಣುತ್ತದೆ, ಉಪಕರಣದ ತಪ್ಪು ಒಂದೇ ರೀತಿ ಮರಳಿ ಬರುತ್ತದೆ. ಕಾಲಿನ ಬೆರಳಿಗೂ ಬಳಸಲು ಅನುಕೂಲವಾಗಲೆಂದು ಆ ಲ್ಯಾಂಪ್‌ನ ತಳದ ತಟ್ಟೆ ಕಳಚಿ ತೆಗೆಯುವಂಥದ್ದು. ಅದನ್ನು ಹಿಡಿದಿಡುವುದು ಗುಂಡಗಿನ ಚಿಕ್ಕ ಮ್ಯಾಗ್ನೆಟ್‌ಗಳು. ಗುಂಡುಸೂಜಿಯನ್ನು ತಟ್ಟೆಯ ಅಂಚಿನುದ್ದಕ್ಕೂ ಎಳೆದಾಗ ಮೂಲೆಗಳಲ್ಲಿ ಟಕ್ಕೆಂದು ಅಂಟಿಕೊಂಡಿತು. ಅಂದಿನಿಂದ ತಟ್ಟೆಯನ್ನು ತೆಗೆದಿಟ್ಟು, ಲ್ಯಾಂಪ್‌ನ ಗೋಡೆಗಳಲ್ಲಿರುವ ಮ್ಯಾಗ್ನೆಟ್‌ಗಳಿಂದ ಬೆರಳು ದೂರವಿರುವಂತೆ ಕೈಯನ್ನು ನಡುವೆ ಇಡುತ್ತಿದ್ದೇನೆ, ಗೆರೆ ಬಾಗಿಲ್ಲ.

ನಿಮ್ಮ ಲ್ಯಾಂಪನ್ನೂ ಹೀಗೆಯೇ ಸೂಜಿಯಿಂದ ಒಮ್ಮೆ ಪರೀಕ್ಷಿಸಿ. ತಟ್ಟೆ ತೆಗೆದ ಮೇಲೆ ಲ್ಯಾಂಪ್‌ನ ಅಡಿಗೆ ಬಿಳಿ ಕಾಗದ ಹಾಸಿದರೆ ಬೆಳಕು ಕೆಳಗಿನಿಂದಲೂ ಸ್ವಲ್ಪ ಮರಳುತ್ತದೆ. ಬಳಸುವ ಮ್ಯಾಗ್ನೆಟನ್ನು ಲ್ಯಾಂಪ್‌ಗೆ ಒರಗಿಸಿ ಇಡುವುದು, ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಲ್ಯಾಂಪ್‌ನ ಬಟನ್ ಒತ್ತುವುದು, ಇವುಗಳಿಂದಲೂ ಇದೇ ಕೆಡುಕು ಆಗುತ್ತದೆ.

ಜೆಲ್ ಸುಕ್ಕಾಗಿದೆ ಅಥವಾ ಒಳಗೆ ಮೆತ್ತಗಿದೆ

ಗಾಢ ಬಣ್ಣವೂ ಲೋಹದ ಕಣಗಳೂ ಬೆಳಕನ್ನು ತಡೆಯುತ್ತವೆ. ಮನೆಬಳಕೆಯ ಲ್ಯಾಂಪ್‌ಗಳ ಬೆಳಕು ಸಾಮಾನ್ಯವಾಗಿ 365ರಿಂದ 405 ನ್ಯಾನೋಮೀಟರ್ ತರಂಗಾಂತರದ್ದು, ಅದು ಮೇಲಿನ ಪದರವನ್ನು ಗಟ್ಟಿ ಮಾಡಿ ಕೆಳಗೆ ಇಳಿಯಲಾಗದಿದ್ದರೆ ಮೇಲ್ಭಾಗ ಕುಗ್ಗಿ ಸುಕ್ಕುಗಟ್ಟುತ್ತದೆ. ಇಲ್ಲಿ ಒಂದು ಹಗ್ಗಜಗ್ಗಾಟ ಇದೆ: ಗೆರೆ ಚೆನ್ನಾಗಿ ಬರಲು ಪದರ ದಪ್ಪವಿರಬೇಕು, ಪೂರ್ತಿ ಗಟ್ಟಿಯಾಗಲು ತೆಳುವಿರಬೇಕು. ನಾನು ಗಟ್ಟಿಯಾಗುವುದರ ಪರವಾಗಿಯೇ ನಿಲ್ಲುತ್ತೇನೆ. ಮಧ್ಯಮ ದಪ್ಪದ ಎರಡು ಪದರಗಳಿಗೂ ಪ್ರತ್ಯೇಕವಾಗಿ, ಒಂದೇ ಜಾಗದಲ್ಲಿ ಮ್ಯಾಗ್ನೆಟ್ ಹಿಡಿದು, ಪ್ರತಿಯೊಂದನ್ನೂ ಪೂರ್ತಿ ಅವಧಿಗೆ ಲ್ಯಾಂಪ್‌ನಲ್ಲಿಟ್ಟರೆ ಗೆರೆಗೆ ಆಳವೂ ಬರುತ್ತದೆ, ಸುಕ್ಕೂ ಆಗುವುದಿಲ್ಲ. ಹೆಬ್ಬೆರಳು ಉಳಿದ ಬೆರಳುಗಳ ಜೊತೆಯಲ್ಲಿ ಓರೆಯಾಗಿ ನಿಲ್ಲುವುದರಿಂದ ಅದಕ್ಕೆ ಬೆಳಕು ಸರಿಯಾಗಿ ಬೀಳುವುದಿಲ್ಲ. ಅದನ್ನು ಬೇರೆಯಾಗಿ ಸಮತಲದಲ್ಲಿಡಬೇಕು. ಲ್ಯಾಂಪ್‌ನೊಳಗೆ ಉಗುರು ಇದ್ದಕ್ಕಿದ್ದಂತೆ ಬಿಸಿಯಾದರೆ ಪದರ ದಪ್ಪವಾಗಿದೆ ಎಂಬ ಸೂಚನೆ ಅದು, ಏಕೆಂದರೆ ಜೆಲ್ ಗಟ್ಟಿಯಾಗುವ ಕ್ರಿಯೆಯೇ ಶಾಖ ಬಿಡುಗಡೆ ಮಾಡುತ್ತದೆ. ಕೈಯನ್ನು ಕೆಲವು ಕ್ಷಣ ಹೊರತೆಗೆದು ಮತ್ತೆ ಇಡಿ.

ಲ್ಯಾಂಪ್‌ನಿಂದ ತೆಗೆದ ಮೇಲೆ ಮೇಲ್ಮೈ ಅಂಟಂಟಾಗಿರುವುದು ಮಾತ್ರ ದೋಷವಲ್ಲ. ಗಾಳಿಯ ಆಮ್ಲಜನಕ ತೀರಾ ಮೇಲಿನ ತೆಳು ಪದರವನ್ನು ಗಟ್ಟಿಯಾಗಲು ಬಿಡುವುದಿಲ್ಲ. ಮ್ಯಾಗ್ನೆಟಿಕ್ ಪದರದ ಮೇಲಿನ ಆ ಅಂಟನ್ನು ಒರೆಸದೆ ಟಾಪ್ ಕೋಟ್ ಹಚ್ಚಬೇಕು. ಒರೆಸಬೇಕಾದ ಬಗೆಯ ಟಾಪ್ ಕೋಟ್ ಆದರೆ ಅದನ್ನು ಪೂರ್ತಿ ಗಟ್ಟಿ ಮಾಡಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಬೇಕು.

ಪೂರ್ತಿ ಗಟ್ಟಿಯಾಗದ ಜೆಲ್ಲನ್ನು ಅಂದದ ದೋಷವೆಂದಷ್ಟೇ ಕಂಡು ಸುಮ್ಮನಾಗಬಾರದು. ಗಟ್ಟಿಯಾಗದ ಜೆಲ್‌ನಲ್ಲಿರುವ ಅಕ್ರಿಲೇಟ್ ರಾಸಾಯನಿಕಗಳು ಚರ್ಮಕ್ಕೆ ಮತ್ತೆ ಮತ್ತೆ ತಗಲಿದರೆ ಅಲರ್ಜಿ ಬರಬಹುದು, ಒಮ್ಮೆ ಬಂದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಮತ್ತು ಇದೇ ಜಾತಿಯ ರಾಸಾಯನಿಕಗಳು ಹಲ್ಲಿನ ಚಿಕಿತ್ಸೆಯ ಸಾಮಗ್ರಿಗಳಲ್ಲಿಯೂ ಇವೆ. ತುಂಬಿ ಹಚ್ಚಿದ ಮ್ಯಾಗ್ನೆಟಿಕ್ ಜೆಲ್ ಅಂಚಿನಿಂದ ಹರಿಯುವ ಸಾಧ್ಯತೆ ಹೆಚ್ಚಿರುವುದರಿಂದ, ಚರ್ಮಕ್ಕೆ ತಗಲಿದ್ದನ್ನು ಲ್ಯಾಂಪ್‌ಗೆ ಇಡುವ ಮೊದಲೇ ಕಡ್ಡಿಯಿಂದ ತೆಗೆಯಿರಿ. ತುರಿಕೆ, ಕೆಂಪು ಅಥವಾ ಉಗುರಿನ ಸುತ್ತ ಚರ್ಮ ಸುಲಿಯುವುದು ಕಂಡರೆ ಬಳಕೆ ನಿಲ್ಲಿಸಿ ಚರ್ಮವೈದ್ಯರನ್ನು ಕಾಣಬೇಕು.

ಉಳಿದ ಸಣ್ಣ ದೋಷಗಳು

ಉಗುರಿನ ನಡುವೆ ಗುಳಿ ಬಿದ್ದಿದ್ದರೆ ಮ್ಯಾಗ್ನೆಟ್ ಬಣ್ಣಕ್ಕೆ ತಾಗಿದೆ. ಸಾಧಾರಣ ಪಾಲಿಶ್‌ನಲ್ಲಿ ಅದನ್ನು ತಿದ್ದಲು ಹೋಗದೆ ಆ ಉಗುರನ್ನು ಅಳಿಸಿ ಹೊಸದಾಗಿ ಹಚ್ಚುವುದೇ ಬೇಗದ ದಾರಿ. ಜೆಲ್‌ನಲ್ಲಿ ಬ್ರಷ್‌ನಿಂದ ಸಮ ಮಾಡಿ, ಕೆಲವು ಸೆಕೆಂಡು ಬಿಟ್ಟು, ಮತ್ತೆ ಮ್ಯಾಗ್ನೆಟ್ ಹಿಡಿಯಬಹುದು.

ಕಣಗಳೆಲ್ಲ ಒಂದೇ ಕಡೆ ಕಪ್ಪು ಮುದ್ದೆಯಂತೆ ಸೇರಿಕೊಂಡಿದ್ದರೆ ಮ್ಯಾಗ್ನೆಟ್ ತೀರಾ ಪ್ರಬಲವಾಗಿದೆ, ತೀರಾ ಹತ್ತಿರವಿದೆ ಅಥವಾ ಬಹಳ ಹೊತ್ತು ಇತ್ತು ಎಂದರ್ಥ. ಅಂತರವನ್ನು ಒಂದೆರಡು ಮಿಲಿಮೀಟರ್ ಹೆಚ್ಚಿಸಿ. ಒಂದೇ ಗೆರೆ ಬೇಕಿದ್ದಾಗ ಎರಡು ಮೂಡಿದರೆ ಮ್ಯಾಗ್ನೆಟ್‌ನ ಬೇರೆ ಮುಖವನ್ನು ಬಳಸಿ ನೋಡಿ, ಏಕೆಂದರೆ ಧ್ರುವಗಳು ಯಾವ ಮುಖದಲ್ಲಿವೆ ಎಂಬುದರ ಮೇಲೆ ಹೊಳೆಯುವ ಜಾಗ ನಿರ್ಧಾರವಾಗುತ್ತದೆ. ಇಡೀ ಉಗುರು ಮಖಮಲ್ಲಿನಂತೆ ಮಿನುಗಬೇಕೆಂದು ಹೊರಟವರಿಗೆ ಗೆರೆ ಬಂದರೆ, ಮ್ಯಾಗ್ನೆಟನ್ನು ಮೇಲಿನಿಂದ ಹಿಡಿದದ್ದೇ ತಪ್ಪು. ಅದನ್ನು ಉಗುರಿನ ನಾಲ್ಕೂ ಪಕ್ಕಗಳಿಂದ, ಉಗುರಿನ ಮಟ್ಟದಲ್ಲಿ, ಸ್ವಲ್ಪ ದೂರದಲ್ಲಿ, ಒಂದೊಂದು ಕಡೆ ಕೆಲವು ಸೆಕೆಂಡು ಹಿಡಿಯಬೇಕು.

ಮ್ಯಾಟ್ ಟಾಪ್ ಕೋಟ್ ಹಚ್ಚಿದ ಮೇಲೆ ಆಳ ಮಾಯವಾಯಿತೆಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಅದು ಬೆಳಕನ್ನು ಚದುರಿಸುವುದಕ್ಕೇ ಇರುವುದು, ಮ್ಯಾಗ್ನೆಟಿಕ್ ಬಣ್ಣಕ್ಕೆ ಹೊಳಪಿನ ಟಾಪ್ ಕೋಟ್ ಮಾತ್ರ ಒಪ್ಪುತ್ತದೆ.

ಎರಡು ಮುನ್ನೆಚ್ಚರಿಕೆಗಳನ್ನು ಹೇಳದೆ ಬಿಡುವಂತಿಲ್ಲ. ನಿಯೊಡಿಮಿಯಮ್ ಮ್ಯಾಗ್ನೆಟ್ ಎಷ್ಟೇ ಚಿಕ್ಕದಾದರೂ ಮಕ್ಕಳ ಕೈಗೆ ಸಿಗಬಾರದು. ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನ ಗೋಡೆಗಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಂಡು ಪ್ರಾಣಕ್ಕೆ ಕುತ್ತು ತರಬಲ್ಲವು. ಎದೆಯಲ್ಲಿ ಪೇಸ್‌ಮೇಕರ್ ಇರುವವರ ಹತ್ತಿರವೂ ಅವುಗಳನ್ನು ತರಬಾರದು. ಇನ್ನೊಂದು, ಎಂಆರ್‌ಐ ಪರೀಕ್ಷೆಗೆ ಹೋಗುವ ಮೊದಲು ಈ ಬಣ್ಣವನ್ನು ಪೂರ್ತಿ ತೆಗೆದಿರಬೇಕು, ಅದರಲ್ಲಿರುವುದು ಅಯಸ್ಕಾಂತಕ್ಕೆ ಓಗೊಡುವ ಲೋಹ.

ಹಚ್ಚಿ ಕೆಲವು ದಿನಗಳಾದ ಮೇಲೆ ಗೆರೆ ಮಂಕಾಗುವುದು ಕೊನೆಯ ದೂರು. ಗಟ್ಟಿಯಾದ ಬಣ್ಣದೊಳಗೆ ಕಣಗಳು ಕದಲಲಾರವು, ಆದ್ದರಿಂದ ಇಲ್ಲಿ ಮ್ಯಾಗ್ನೆಟ್ ಹುಡುಕುವುದು ಬೇಡ. ಮೇಲಿನ ಟಾಪ್ ಕೋಟ್ ಸಣ್ಣ ಗೀರುಗಳಿಂದ ಒರಟಾಗಿರುತ್ತದೆ. ಉಗುರಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ನೀರಿನ ಅಡಿಯಲ್ಲಿ ಗೆರೆ ಮತ್ತೆ ಹೊಳೆದರೆ ಕೆಳಗಿನ ಪದರ ಗಟ್ಟಿಮುಟ್ಟಾಗಿದೆ. ಒರೆಸಿ, ಚೆನ್ನಾಗಿ ಒಣಗಿಸಿ, ಹೊಳಪಿನ ಟಾಪ್ ಕೋಟ್‌ನ ಒಂದು ತೆಳು ಪದರವನ್ನು ಉಗುರಿನ ತುದಿಯ ಅಂಚಿನವರೆಗೂ ಹಚ್ಚಿ.